ತೊಗರಿ ಕಟ್ಟಿಗೆ ತಾಗದ ಮೊಣಕೈ

ನಮ್ಮ ಆಟದ ಸರ್ ಎಲ್ಲ ಮಕ್ಕಳನ್ನೂ ಒಂದೇ ಕಣ್ಣಿನಿಂದ ನೋಡುತ್ತಿದ್ದರು ಎಂಬ ಮಾತು ಜೇವರ್ಗಿಯಲ್ಲಿ ಎಷ್ಟು ಓಡಾಡಿದೆಯೆಂದರೆ, ಈಗ ಅದನ್ನು ಯಾರೂ ಪರೀಕ್ಷಿಸಿ ನೋಡುವುದೇ ಇಲ್ಲ. ಹೋದ ತಿಂಗಳು ಅವರು ನಿವೃತ್ತರಾದ ದಿನ ಹೆಡ್‌ಮಾಸ್ತರರು ಅದನ್ನೇ ಹೇಳಿದರು. ಆಳಂದದಿಂದ ಬಂದ ಹಳೆಯ ವಿದ್ಯಾರ್ಥಿಗಳು ಅದನ್ನೇ ಹೇಳಿದರು. ಅಫಜಲಪುರದವರು ಅದಕ್ಕೆ ಒಂದು ವಚನದ ಸಾಲು ಜೋಡಿಸಿ ಹೇಳಿದರು. ಹಳೆಯ ವಿದ್ಯಾರ್ಥಿನಿಯರ ಪರವಾಗಿ ಮಾತಾಡಲು ನನ್ನನ್ನು ಕರೆದಿದ್ದರು, ನಾನೂ ಅದನ್ನೇ ಹೇಳಿದೆ. ಚರ್ಚಾ ಸ್ಪರ್ಧೆಯಲ್ಲಿ ಪಳಗಿದವರಿಗೆ ಇದು ಕಷ್ಟದ ಕೆಲಸವಲ್ಲ. ಚೀಟಿಯಲ್ಲಿ ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ವೇದಿಕೆಯ ಮೇಲೆ ನನ್ನ ಪಾಲಿಗೆ ಬಂದದ್ದು ಪರ. ಈಗ ವಿರೋಧವಾಗಿ ಬರೆಯುತ್ತಿದ್ದೇನೆ, ಯಾರೂ ಚೀಟಿ ಕೊಟ್ಟಿಲ್ಲ.

ನನ್ನ ವಾದ ಇಷ್ಟೇ: ಅವರಿಗೂ ಎಲ್ಲರ ಹಾಗೆ ಎರಡು ಕಣ್ಣಿದ್ದವು. ಒಂದು ಭಾಗಮ್ಮನಿಗೆ. ಇನ್ನೊಂದು ಉಳಿದ ನಮಗೆಲ್ಲ ಸೇರಿ.

ಭಾಗಮ್ಮ ಯಾರೆಂದು ಆಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ಈ ಬರಹವೂ ಅವಳದೇ ಆಗಿಬಿಡುತ್ತದೆ. ಇಲ್ಲಿಯವರೆಗೆ ಆದದ್ದೇ ಸಾಕು.

ಸರ್ ಹಿರೋಳ್ಳಿಯವರು. ಅಲ್ಲಿಂದ ಒಂದು ಓಟ ಓಡಿದರೆ ಮಹಾರಾಷ್ಟ್ರ. ಹಾಗಾಗಿ ಅವರ ಕನ್ನಡದ ನಡುನಡುವೆ ಮರಾಠಿ ಬಂದು ಕೂತು, ಚಹಾ ಕುಡಿದು ಹೋಗುತ್ತಿತ್ತು. ಹುಡುಗ, ಹುಡುಗಿ ಯಾರೇ ಇರಲಿ, ಸಿಟ್ಟು ಬಂದರೆ ಮರಾಠಿಯಲ್ಲಿ ಮಗೂ ಎಂದು ಕರೆದಂತೆ 'ಅರೇ ಬಾಳಾ' ಅನ್ನುವರು. ತೆಳ್ಳನೆಯ ಆಳು, ಬಿಸಿಲಿಗೆ ಬಣ್ಣವೆಲ್ಲ ಹಾರಿಹೋದ ಟೊಪ್ಪಿಗೆ, ಕೊರಳಲ್ಲಿ ಸೀಟಿ. ಆ ಸೀಟಿಯನ್ನು ಅವರು ಊದಿದ್ದನ್ನು ನಾನು ನೋಡಿಲ್ಲ. ಒಂದು ಚಪ್ಪಾಳೆ ತಟ್ಟಿದರೆ ಮೈದಾನ ನಿಲ್ಲುತ್ತಿತ್ತು. ವಿಶ್ವವಿದ್ಯಾಲಯದ ತಂಡದಲ್ಲಿ ಬೇಸ್‌ಬಾಲ್ ಆಡಿ ಬಂದವರು ಆಳಂದದಲ್ಲಿ ನೌಕರಿ ಸೇರಿ, ಅಫಜಲಪುರಕ್ಕೆ ವರ್ಗವಾಗಿ, ಕೊನೆಗೆ ಜೇವರ್ಗಿಗೆ ಬಂದರು. ಮೂರೂ ಕಡೆ ಮಾಡಿದ್ದು ಒಂದೇ ಕೆಲಸ. ಬೇಸ್‌ಬಾಲ್ ಎಂದರೇನೆಂದು ಗೊತ್ತಿಲ್ಲದ ಊರಲ್ಲಿ, ಬ್ಯಾಟು ಬೀಸುವುದು ಹೇಗೆಂದು ಮಕ್ಕಳಿಗೆ ಬುಡದಿಂದ ಕಲಿಸುವುದು.

ಊರವರಿಗೆ ಆ ಗುಂಡನೆಯ ಬ್ಯಾಟು ಒನಕೆಯ ಹಾಗೆ ಕಾಣುತ್ತಿತ್ತು. ಒಮ್ಮೆ ಒಬ್ಬ ಹುಡುಗಿಯ ತಂದೆ ಮೈದಾನದ ಗೋಡೆಗೆ ಬೈಕು ಒರಗಿಸಿ, "ಸರ, ಈ ಒನಕಿ ಕೊಟ್ಟು ಹುಡುಗೀರಿಗಿ ಏನ್ ಕಲಸಾಕತ್ತೀರಿ?" ಎಂದು ಕೇಳಿದ.

"ನಿಂದ್ರೋದು ಕಲಸಾಕತ್ತೇನ್ರಿ," ಅಂದರು ಸರ್.

"ನಿಂದ್ರೋದು ಎಲ್ಲಾರಿಗೂ ಬರ್ತದಲ್ರಿ."

"ಬರ್ರಿ ಹಂಗಾರ. ನೀವೂ ಒಂದ್ ಸಲ ನಿಂತು ತೋರಸ್ರಿ."

ಆ ಮನುಷ್ಯ ನಿಂತ. ಸರ್ ಚೆಂಡು ಎಸೆಯುವ ಹಾಗೆ ಬರೀ ಕೈ ಬೀಸಿದರು. ಆತ ಎರಡು ಹೆಜ್ಜೆ ಹಿಂದೆ ಹೋಗಿ ತನ್ನದೇ ಬೈಕಿಗೆ ತಾಗಿದ. ಮರುದಿನದಿಂದ ಮಗಳನ್ನು ತಾನೇ ಕರೆದುಕೊಂಡು ಬಂದು ಬಿಡತೊಡಗಿದ. ಇದನ್ನು ಸರ್ ಪರವಾದ ಸಾಕ್ಷ್ಯವೆಂದೇ ದಾಖಲಿಸುತ್ತೇನೆ. ಅವರು ಕಲಿಸಬಲ್ಲವರಾಗಿದ್ದರು, ಆ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಯಾರಿಗೆ ಕಲಿಸಿದರು ಎಂಬುದರಲ್ಲಿ.

ಅವರ ಪಾಠ ಕೈಯಿಂದ ಶುರುವಾಗುತ್ತಿತ್ತು. "ಮಂದಿ ಮನಿ ಬಾಗಲಾ ಯಾವ ಗೆಣ್ಣಿಲೇ ಬಡೀತೀರಿ? ಎರಡೂ ಕೈದು ಆ ಗೆಣ್ಣು ಒಂದs ಸಾಲಿನ್ಯಾಗ ಬರಬೇಕು." ಆಮೇಲೆ ತಲೆ. "ತಲಿ ಮ್ಯಾಲ ತುಂಬಿದ ಕೊಡ ಅದ ಅಂತ ತಿಳೀರಿ. ಸೊಂಟ ತಿರಗಲಿ, ಕೊಡ ತುಳುಕಬಾರ್ದು." ಚೆಂಡನ್ನು ಹೊಡೆಯುವ ಆತುರಕ್ಕೆ ಮುಂದೆ ಮುಗ್ಗರಿಸುವವರಿಗೆ ಇನ್ನೊಂದು ಮಾತಿತ್ತು: "ಚೆಂಡು ತಾನs ಬರಾಕತ್ತದ. ನೀ ಯಾಕ ಎದುರು ಹೋಗ್ತಿ? ಅದೇನ್ ನಿಮ್ಮ ಬೀಗರೇನು, ಸ್ಟ್ಯಾಂಡಿಗಿ ಹೋಗಿ ಕರಕೊಂಡು ಬರಾಕ?"

ಆದರೆ ಅವರನ್ನು ನಿಜಕ್ಕೂ ಕಾಡಿದ್ದು ಒಂದು ರೋಗ. ಅದು ನಮ್ಮ ಗಲ್ಲಿಗಳ ರೋಗ. ಬೇಸ್‌ಬಾಲಿನಲ್ಲಿ ಚೆಂಡು ಹೊಡೆದ ಮೇಲೆ ಬ್ಯಾಟನ್ನು ಅಲ್ಲೇ ಬಿಟ್ಟು ಮೊದಲನೆಯ ಬೇಸಿಗೆ, ಅಂದರೆ ನಾಲ್ಕು ಮೂಲೆಯ ಗುರುತುಗಳಲ್ಲಿ ಮೊದಲನೆಯದಕ್ಕೆ, ಓಡಬೇಕು; ಮೂರು ಬೇಸು ಸುತ್ತಿ ಹೊಡೆದ ಜಾಗಕ್ಕೇ, ಮನೆ ಬೇಸಿಗೆ, ಮರಳಿದರೆ ಒಂದು ಓಟ. ನಮಗೆ ಬಿಡಲು ಬರುತ್ತಿರಲಿಲ್ಲ. ಕ್ರಿಕೆಟ್ ಆಡಿ ಬೆಳೆದ ಕೈಗಳು. ರನ್ನಿಗೆ ಓಡುವುದೆಂದರೆ ಬ್ಯಾಟು ಹಿಡಿದೇ ಓಡುವುದು. ಮೇಲಾಗಿ ಗಲ್ಲಿಯಲ್ಲಿ ಬ್ಯಾಟು ಕೆಳಗಿಟ್ಟವರ ಪಾಳಿ ಮುಗಿದಂತೆ. ಒಮ್ಮೆ ಕೈ ಬಿಟ್ಟರೆ ಇನ್ನೊಬ್ಬ ಎತ್ತಿಕೊಂಡಿರುತ್ತಾನೆ, ಮತ್ತೆ ಸಿಗುವುದು ನಾಳೆ. ಹಾಗಾಗಿ ಜೇವರ್ಗಿಯ ಮಕ್ಕಳು ಚೆಂಡು ಹೊಡೆದು, ಒನಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಓಡುತ್ತಿದ್ದರು. ಸರ್ ಹಿಂದಿನಿಂದ ಕೂಗುವರು: "ಬ್ಯಾಟ್ ಎಲ್ಲಿಗಿ ಒಯ್ಯಾಕತ್ತಿ? ಮನಿಗೇನು? ಬಿಡು ಅದನ್ನ. ಅದರ ಕೆಲಸ ಮುಗೀತು, ಇನ್ನ ಕಾಲಿಂದು."

ಈಗ ತೊಗರಿ ಕಟ್ಟಿಗೆಯ ವಿಷಯಕ್ಕೆ ಬರುತ್ತೇನೆ.

ರಾಶಿ ಮುಗಿದ ಮೇಲೆ ತೊಗರಿಯ ಒಣ ಕಟ್ಟಿಗೆ ನಮ್ಮ ಕಡೆ ಒಲೆಗೆ ಹೋಗುತ್ತದೆ. ಸರ್‌ಗೆ ಅದೇ ಪಾಠದ ಸಾಮಾನು. ಹುಡುಗಿಯರನ್ನು ಅವರು ಕೈಯಿಂದ ಮುಟ್ಟಿ ತಿದ್ದುತ್ತಿರಲಿಲ್ಲ. ತೆಳ್ಳನೆಯ ಉದ್ದ ಕಟ್ಟಿಗೆಯೊಂದನ್ನು ಹಿಡಿದು, ದೂರ ನಿಂತು, ತಪ್ಪಿದ ಜಾಗಕ್ಕೆ ತಾಗಿಸುವರು: ಮಂಡಿಗೆ, ಹಿಮ್ಮಡಿಗೆ, ಹೆಚ್ಚಾಗಿ ಮೊಣಕೈಗೆ. ಬ್ಯಾಟು ಬೀಸುವಾಗ ಹಿಂದಿನ ಮೊಣಕೈ ಮೈಗೆ ಹತ್ತಿರ ಇರಬೇಕು. ಹೊರಗೆ ಹಾರಿದರೆ ಅಲ್ಲೇ ಹಿಡಿದಿದ್ದ ಕಟ್ಟಿಗೆಗೆ ಬಡಿದು ಅದು ಪಟ್ಟನೆ ಮುರಿಯುತ್ತಿತ್ತು. "ಮುರೀತ ನೋಡು," ಅನ್ನುವರು, ಬೈಗುಳವಿಲ್ಲದೆ. ಕಟ್ಟಿಗೆ ಒಣಗಿದ್ದು, ನೋಯುತ್ತಿರಲಿಲ್ಲ. ಸಂಜೆ ಯಾರ ಕಾಲ ಬಳಿ ಹೆಚ್ಚು ತುಂಡು ಬಿದ್ದಿವೆಯೋ ಅವರಿಗೆ ಅಂದು ಹೆಚ್ಚು ಪಾಠವಾಗಿದೆ ಎಂದರ್ಥ.

ನನ್ನ ಕಾಲ ಬಳಿ ಒಂದು ತುಂಡೂ ಬೀಳಲಿಲ್ಲ.

ನಾನು ಮೈದಾನಕ್ಕೆ ಬಂದದ್ದೇ ಜಗಳದಿಂದ. ಹುಡುಗಿಯರ ಆಟದ ಪಿರಿಯಡ್ಡನ್ನು ಗಣಿತದವರು ಏಕೆ ತಿನ್ನುತ್ತಾರೆ ಎಂದು ಸ್ಟಾಫ್ ರೂಮಿಗೇ ಹೋಗಿ ವಾದ ಮಾಡಿದೆ. ಮೂಲೆಯಲ್ಲಿ ಕೂತಿದ್ದ ಸರ್ ಟೊಪ್ಪಿಗೆ ತೆಗೆದು ನನ್ನನ್ನು ನೋಡಿದರು. "ವಕೀಲಬಾಯಿ, ಪಿರಿಯಡ್ ಗೆದ್ದಿ. ಈಗ ಬಾ, ಆಡಿ ತೋರಸು." ಅಂದಿನಿಂದ ನಾನು ಅವರಿಗೆ ವಕೀಲಬಾಯಿ. ಆ ಹೆಸರು ಎಷ್ಟು ಗಟ್ಟಿ ಕೂತಿತೆಂದರೆ ನಾನು ಕಾನೂನನ್ನೇ ಓದಿದೆ, ಈಗ ಕಲಬುರಗಿಯಲ್ಲಿ ಒಬ್ಬ ವಕೀಲರ ಕೈಕೆಳಗೆ ಇದ್ದೇನೆ. ಆಗ ಅದು ಹೊಗಳಿಕೆ ಎಂದುಕೊಂಡಿದ್ದೆ. ನಿಯಮದ ಪುಸ್ತಕ ಓದಿ ಬಾಯಿಪಾಠ ಮಾಡಿದೆ. ಫೋನಿನಲ್ಲಿ ವಿದೇಶಿ ಆಟಗಾರರ ಬೀಸು ನೋಡಿ, ನಮ್ಮ ಮನೆಯ ಮಾಳಿಗೆಯ ಮೇಲೆ ಪೊರಕೆ ಹಿಡಿದು ತಾಲೀಮು ಮಾಡಿದೆ. ಮೈದಾನದಲ್ಲಿ ಮೊದಲ ಸಲ ಬ್ಯಾಟು ಬೀಸಿದಾಗ ಸರ್ ನೋಡಿ, "ಛಲೋ ಅದ. ಮುಂದ ಯಾರು?" ಅಂದರು.

ಮನೆಯವರೆಗೂ ಕುಣಿಯುತ್ತ ಹೋದೆ. ಮರುದಿನ ಮತ್ತೆ, "ಛಲೋ ಅದ. ಮುಂದ ಯಾರು?" ಅದರ ಮರುದಿನವೂ ಅದೇ. ಬರಬರುತ್ತ ಆ 'ಛಲೋ ಅದ' ಅಂಗಡಿಯ ಶಟರು ಎಳೆದ ಸದ್ದಿನಂತೆ ಕೇಳಿಸತೊಡಗಿತು. ಒಳಗೆ ಸಾಮಾನಿದೆ, ಮಾರುವವರಿಗೆ ಮನಸ್ಸಿಲ್ಲ.

ಹೀಗಿರುವಾಗ ಭಾಗಮ್ಮ ಬಂದಳು. ಭೀಮಾ ನದಿಗೆ ಬ್ಯಾರೇಜ್ ಕಟ್ಟಿದ ಸೊನ್ನದ ಕಡೆಯ ಹುಡುಗಿ, ಜೇವರ್ಗಿಯ ಹಾಸ್ಟೆಲಿನಲ್ಲಿದ್ದು ಓದಲು ಬಂದವಳು. ಎಂಟನೆಯ ತರಗತಿಗೇ ನನಗಿಂತ ಒಂದು ಗೇಣು ಎತ್ತರ. ಬ್ಯಾಟು ಕೈಗೆ ಕೊಟ್ಟರೆ ತಲೆಯ ಮೇಲಿಂದ ನೆಲಕ್ಕೆ ಬಡಿದಳು. ಮಣ್ಣು ಎದ್ದಿತು, ಚೆಂಡು ಹಾಗೇ ಹಿಂದೆ ಹೋಯಿತು. ನಾವೆಲ್ಲ ನಕ್ಕೆವು. ಸರ್ ನಗಲಿಲ್ಲ.

"ಮನ್ಯಾಗ ತೊಗರಿ ಬಡೀತಿ ಏನ ಬೇ?"

"ಹೂಂ ರೀ ಸರ. ನಮ್ಮವ್ವನ ಕೂಡ."

"ಜ್ವಾಳಾ ಕೊಯ್ದಿ?"

"ಕೊಯ್ದೇನ್ರಿ."

"ಹಂಗಾರ ಬಡೀಬ್ಯಾಡ. ಕೊಯ್ಯಿ."

ಅವಳು ಬ್ಯಾಟನ್ನು ಒಂದು ಕ್ಷಣ ಕುಡುಗೋಲಿನ ಹಾಗೆ ನೋಡಿದಳು. ಆಮೇಲೆ ಅಡ್ಡ ಬೀಸಿದಳು. ಮೊಣಕೈ ಹೊರಗೆ ಹಾರಿತು, ಕಟ್ಟಿಗೆ ಪಟ್ಟೆಂದಿತು, ಚೆಂಡು ಮಾತ್ರ ಗೋಡೆ ದಾಟಿ ಹೈವೇಗೆ ಹೋಯಿತು. ಹೊರಗೆ ವಿಜಯಪುರದ ಬಸ್ಸೊಂದು ಉದ್ದಕ್ಕೆ ಹಾರ್ನ್ ಹಾಕಿತು. "ಮುರೀತ ನೋಡು," ಅಂದರು ಸರ್. ಅವರ ದನಿಯಲ್ಲಿ ನಾನು ಅದುವರೆಗೆ ಕೇಳದ ಏನೋ ಇತ್ತು. ಹಸಿದವನ ಎದುರು ತಟ್ಟೆ ಇಟ್ಟಾಗ ಬರುತ್ತದಲ್ಲ, ಅಂಥದ್ದು.

ಅಲ್ಲಿಂದ ಮುಂದೆ ಮೈದಾನದ ಅರ್ಧ ಹೊತ್ತು ಅವಳದು. ನಾವು ಸಾಲಾಗಿ ನಿಂತು ಒಬ್ಬೊಬ್ಬರೇ ಬೀಸಿ, 'ಛಲೋ ಅದ', 'ಕೊಡ ತುಳುಕ್ತು', 'ಜರಾ ದಮ್ ಹಿಡಿ' ಎಂಬ ಪ್ರಸಾದ ತೆಗೆದುಕೊಂಡು ಸರಿಯುವುದು. ಅವಳ ಸರದಿ ಬಂದರೆ ಸಾಲು ಅಲ್ಲೇ ನಿಲ್ಲುವುದು. ಮಂಡಿ, ಸೊಂಟ, ಮೊಣಕೈ, ಮತ್ತೆ ಮೊಣಕೈ. ನಾನು ಅವಳ ಕಾಲ ಬಳಿ ಬಿದ್ದ ತುಂಡುಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಜನ ಇನ್ನೊಬ್ಬರ ಬಂಗಾರ ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ. ನಾನು ಒಲೆಗೆ ಹಾಕುವ ಪುಳ್ಳೆ ನೋಡಿ ಉರಿದುಕೊಂಡೆ.

ಭಾಗಮ್ಮನಿಗೆ ಇದು ಗೊತ್ತಾಗಲೇ ಇಲ್ಲ ಎಂಬುದು ಇನ್ನೂ ಸಿಟ್ಟು ತರಿಸುವ ಸಂಗತಿ. ಒಂದು ಸಂಜೆ ನಲ್ಲಿಯ ಹತ್ತಿರ ಮೊಣಕೈ ತೊಳೆದುಕೊಳ್ಳುತ್ತ ಅವಳೇ ಅಂದಳು: "ನಿಂದು ಆರಾಮ ಅದ ನೋಡವಾ. ಒಂದ್ ಸಲ ಬೀಸ್ತಿ, ಛಲೋ ಅದ ಅಂತಾರ, ಹೋಗಿ ನೆಳ್ಳಿಗಿ ಕುಂದರ್ತಿ. ನಂದು ನೋಡು, ದಿನಾ ಒಂದ್ ಹೊರಿ ಕಟಗಿ."

"ಬೇಕಾದ್ರ ಅದಲಾಬದಲಿ ಮಾಡ್ಕೋಳೂಣ ಏನು?" ಅಂದೆ.

"ಹುಚ್ಚೀ," ಅಂದು ನನ್ನ ಮುಖಕ್ಕೆ ನೀರು ಚಿಮ್ಮಿಸಿ ಹೋದಳು. ಚೇಷ್ಟೆ ಮಾಡಿದೆ ಅಂದುಕೊಂಡಿದ್ದಳು.

ಮರುದಿನ ನಾನು ಒಂದು ಪ್ರಯೋಗ ಮಾಡಿದೆ. ವಾದದಲ್ಲಿ ಎದುರಾಳಿ ಬಾಯಿ ಬಿಡದಿದ್ದರೆ ಬೇಕೆಂದೇ ಒಂದು ತಪ್ಪು ಮಾತು ಎಸೆಯುವುದುಂಟು. ಎತ್ತಿಕೊಳ್ಳುತ್ತಾನೋ ಇಲ್ಲವೋ ನೋಡಲು. ನನ್ನ ಸರದಿ ಬಂದಾಗ ಮೊಣಕೈಯನ್ನು ಕೋಳಿಯ ರೆಕ್ಕೆಯಂತೆ ಪೂರ್ತಿ ತೆರೆದು ಬೀಸಿದೆ. ಕುರುಡರಿಗೂ ಕಾಣುವಂಥ ತಪ್ಪು. ಹಿಂದೆ ನಿಂತ ಹುಡುಗಿಯೊಬ್ಬಳು 'ಅಯ್ಯ' ಅಂದಳು. ಸರ್ ಕೈಯಲ್ಲಿ ಕಟ್ಟಿಗೆ ಇತ್ತು. ಅವರ ಮುಖ ನನ್ನ ಕಡೆಗೇ ಇತ್ತು.

"ಛಲೋ ಅದ," ಅಂದರು. "ಮುಂದ ಯಾರು?"

ಇದರಿಂದ ಎರಡೇ ತೀರ್ಮಾನ ಹೊರಡುತ್ತವೆ. ಒಂದು, ಅವರು ನೋಡಲಿಲ್ಲ. ಹಾಗಾದರೆ ಅದಕ್ಕೂ ಮೊದಲಿನ ಎಲ್ಲ 'ಛಲೋ ಅದ'ಗಳೂ ಸುಳ್ಳು, ಅವರು ನನ್ನನ್ನು ಎಂದೂ ನೋಡಿಯೇ ಇಲ್ಲ. ಎರಡು, ಅವರು ನೋಡಿದರು, ನಾನು ಬೇಕೆಂದೇ ಮಾಡಿದ್ದೆಂದು ತಿಳಿದರು, ತಿಳಿದೂ ಸುಮ್ಮನಾದರು. ಹಾಗಾದರೆ ಇಡೀ ಮೈದಾನದಲ್ಲಿ ಅವರು ನನ್ನಷ್ಟು ಬೇರೆ ಯಾರನ್ನೂ ಓದಿಲ್ಲ. ಮೊದಲನೆಯದು ನಿಜವಾದರೆ ನಾನು ಏನೂ ಅಲ್ಲ. ಎರಡನೆಯದಾದರೆ ಭಾಗಮ್ಮನ ಮೇಲಿನ ನನ್ನ ಹೊಟ್ಟೆಕಿಚ್ಚಿಗೆ ಆಧಾರವೇ ಇಲ್ಲ. ಮೂರನೆಯ ದಾರಿ ನನಗೆ ಇವತ್ತಿಗೂ ಕಂಡಿಲ್ಲ.

ಈಗ ಎಲ್ಲರೂ ಹೇಳುವ ಆ ಪಂದ್ಯದ ಕತೆ. ಸಮಾರಂಭದಲ್ಲೂ ಅದನ್ನು ಹೇಳಿದರು. ಕಲಬುರಗಿಯಲ್ಲಿ ವಿಭಾಗ ಮಟ್ಟದ ಪಂದ್ಯ, ಕೊನೆಯ ಪಾಳಿ, ಒಂದು ಓಟ ಬಂದರೆ ಗೆಲುವು. ಭಾಗಮ್ಮ ಬಂದಳು, ಹೊಡೆದಳು, ಗೆದ್ದೆವು. ಕತೆ ಇಷ್ಟೇ. ಇದರಲ್ಲಿ ನಾನಿಲ್ಲ.

ಆ ಓಟ ಓಡಿದ್ದು ಯಾರು? ಮೂರನೆಯ ಬೇಸಿನಲ್ಲಿ ನಿಂತು, ಅವಳು ಹೊಡೆದ ಕೂಡಲೇ ಮನೆ ಬೇಸಿಗೆ ಓಡಿ ಬಂದವಳು ನಾನು. ಗೆಲ್ಲಿಸಿದ ಆ ಒಂದು ಓಟ ಲೆಕ್ಕದ ಹಾಳೆಯಲ್ಲಿ ನನ್ನದು. ನಾನು ಬೇಸಿಗೆ ಹೋದದ್ದು ಹೊಡೆದಲ್ಲ, ಒಪ್ಪುತ್ತೇನೆ. ಎದುರಾಳಿ ಹುಡುಗಿ ಎಸೆದದ್ದೆಲ್ಲ ಗೆರೆ ತಪ್ಪಿ ಬರುತ್ತಿದ್ದವು. ನಾನು ಒಂದಕ್ಕೂ ಬ್ಯಾಟು ಬೀಸದೆ ನಿಂತೆ, ನಾಲ್ಕು ಕೆಟ್ಟ ಚೆಂಡಿಗೆ ಪುಕ್ಕಟೆ ಬೇಸು ಸಿಕ್ಕಿತು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತೂಗಿ ಸುಮ್ಮನೆ ನಿಲ್ಲುವುದೂ ಬ್ಯಾಟಿಂಗೇ. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅಷ್ಟೇ. ನನ್ನ ನಂತರ ಬಂದವರು ಹೊಡೆದ ಹಾಗೆ ಒಂದೊಂದೇ ಬೇಸು ಸರಿದು ಮೂರನೆಯದಕ್ಕೆ ಬಂದಿದ್ದೆ.

ಭಾಗಮ್ಮ ಹೊಡೆದಳು. ಮೊಣಕೈ ಮೈಗೆ ಅಂಟಿಕೊಂಡಿತ್ತು, ತಲೆಯ ಕೊಡ ತುಳುಕಲಿಲ್ಲ. ಕೊಯ್ದ ಹಾಗೆ ಕೊಯ್ದಳು. ನೋಡಿದರೆ ನೋಡುತ್ತಲೇ ಇರಬೇಕು ಅಂಥ ಬೀಸು. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ನಾನು ಓಡಿ ಮನೆ ಮುಟ್ಟಿ ತಿರುಗಿ ನೋಡಿದೆ. ಭಾಗಮ್ಮ ಮೊದಲನೆಯ ಬೇಸು ಮುಟ್ಟಿ ನಿಂತಿದ್ದಳು, ಕಂಕುಳಲ್ಲಿ ಬ್ಯಾಟು. ವರ್ಷಗಟ್ಟಲೆ ಬಿಡಿಸಿದ ರೋಗ, ಬೇಕಾದ ದಿನವೇ ಮರಳಿ ಬಂದಿತ್ತು.

ಎದುರಾಳಿ ತಂಡದ ಮಾಸ್ತರರು ಒಳಗೆ ನುಗ್ಗಿ, "ಬ್ಯಾಟ್ ಹಿಡ್ಕೊಂಡು ಓಡ್ಯಾಳ್ರಿ, ಔಟ್ ಕೊಡ್ರಿ," ಎಂದು ಹಟ ಹಿಡಿದರು. ಅಂಪೈರ್ ಗೊಂದಲಕ್ಕೆ ಬಿದ್ದರು. ನಮ್ಮ ಸರ್ ಬಾಯಿ ತೆರೆಯುವ ಮೊದಲೇ ನಾನು ನಡುವೆ ಹೋಗಿ ನಿಂತಿದ್ದೆ.

"ಸರ, ಬ್ಯಾಟ್ ಒಯ್ದ್ರ ಔಟ್ ಅಂತ ನಿಯಮದಾಗ ಎಲ್ಲಿ ಅದ ತೋರಸ್ರಿ. ಒಯ್ದ ಬ್ಯಾಟ್ ಚೆಂಡ್ ಹಿಡಿಯೋರಿಗಿ ಅಡ್ಡ ಬಂದ್ರ ಮಾತ್ರ ಔಟ್. ಯಾರಿಗಿ ಅಡ್ಡ ಬಂತು? ಆಕಿ ಹೆಸರ್ ಹೇಳ್ರಿ."

"ನೀ ಯಾರ್ ಬೇ ನಡುವ?"

"ಓಟ ನಂದ್ರಿ. ನಾ ಕೇಳದ ಮತ್ಯಾರ ಕೇಳ್ಬೇಕು?"

ಅಂಪೈರ್ ಪುಸ್ತಕ ತರಿಸಿ ನೋಡಿದರು. ಓಟ ಲೆಕ್ಕಕ್ಕೆ ಉಳಿಯಿತು. ಅವಳ ತಪ್ಪನ್ನು ನಾನು ವಾದಿಸಿ ಗೆದ್ದೆ. ನನ್ನ ಜೀವನದ ಮೊದಲ ಮೊಕದ್ದಮೆ ಅದು. ಕಕ್ಷಿದಾರಳು ನನಗೆ ಕಂಡರಾಗದ ಹುಡುಗಿ.

ಸರ್ ನೆಟ್ಟಗೆ ಭಾಗಮ್ಮನ ಬಳಿ ಹೋದರು. "ಬ್ಯಾಟ್ ಎಲ್ಲಿಗಿ ಒಯ್ದಿದ್ದಿ, ಬಾಳಾ? ಸೊನ್ನಕ್ಕೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ನಗುವುದನ್ನು ನಾವು ಯಾರೂ ಅದಕ್ಕೂ ಮೊದಲು ನೋಡಿರಲಿಲ್ಲ. ಬಸ್ಸು ಹತ್ತುವಾಗ ನನ್ನನ್ನು ದಾಟಿ ಹೋಗುತ್ತ ಏನಂದಿರಬಹುದು? ಊಹಿಸಬೇಕಾಗಿಲ್ಲ. "ಛಲೋ ಅದ, ವಕೀಲಬಾಯಿ."

ನೀವು ಹೇಳಬಹುದು: ನಿನಗೆ ಬರುತ್ತಿತ್ತು, ತಿದ್ದುವ ಅಗತ್ಯವಿರಲಿಲ್ಲ. ನಮ್ಮಮ್ಮನೂ ಹೀಗೇ ಹೇಳುತ್ತಾಳೆ. ಆದರೆ ನನ್ನದು ತಪ್ಪೇ ಇಲ್ಲದ ಬೀಸಾಗಿದ್ದರೆ, ನಾನು ಚೆಂಡನ್ನು ಒಮ್ಮೆಯೂ ಗೋಡೆ ದಾಟಿಸಲಿಲ್ಲವೇಕೆ? ಏನೋ ಒಂದು ತಪ್ಪು ಇದ್ದೇ ಇತ್ತು. ಅದು ಏನೆಂದು ಗೊತ್ತಿದ್ದ ಒಬ್ಬನೇ ಮನುಷ್ಯ ಹೇಳಲಿಲ್ಲ.

ಭಾಗಮ್ಮ ಈಗ ಆಳಂದದ ಒಂದು ಶಾಲೆಯಲ್ಲಿ ಆಟದ ಟೀಚರು. ನಿವೃತ್ತಿಯ ದಿನ ಇಳಕಲ್ಲ ಸೀರೆ ಉಟ್ಟು ಬಂದಿದ್ದಳು. ಹಳೆಯ ವಿದ್ಯಾರ್ಥಿಗಳು ಸೇರಿ ಸರ್‌ಗೆ ಹೊಸ ಬ್ಯಾಟೊಂದನ್ನು ಕಾಣಿಕೆ ಕೊಟ್ಟರು. ಯಾರೋ, "ಭಾಗಮ್ಮ ಟೀಚರ್, ಒಂದ್ ಸಲ ಬೀಸಿ ತೋರಸ್ರಿ," ಅಂದರು. ಅವಳು ನಾಚುತ್ತ ವೇದಿಕೆ ಹತ್ತಿ, ಸೆರಗು ಸಿಕ್ಕಿಸಿ, ಬ್ಯಾಟು ಎತ್ತಿದಳು. ಸೆರಗಿನ ಬಿಗಿಗೋ ಏನೋ, ಮೊಣಕೈ ಹೊರಗೆ ಬಂತು. ಸರ್ ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾರ. ಸುತ್ತ ನೋಡಿದರು. ಕಟ್ಟಿಗೆ ಎಲ್ಲಿಂದ ಬರಬೇಕು? ಮೇಜಿನ ಮೇಲಿನ ಹೂಗುಚ್ಛದಿಂದ ಒಂದು ಗುಲಾಬಿಯ ಕಡ್ಡಿ ಕಿತ್ತು, ದೂರ ನಿಂತೇ ಕೈ ಚಾಚಿ, ಅವಳ ಮೊಣಕೈಗೆ ತಾಗಿಸಿದರು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಭಾಗಮ್ಮ ಅತ್ತಳು. ಅದಾದ ಕೂಡಲೇ ಹೆಡ್‌ಮಾಸ್ತರರು ಮೈಕಿಗೆ ಬಂದು, ಸರ್ ಎಲ್ಲ ಮಕ್ಕಳನ್ನೂ ಒಂದೇ ಕಣ್ಣಿನಿಂದ ನೋಡಿದವರು ಅಂದರು. ಸಾಕ್ಷ್ಯ ಕಣ್ಣೆದುರೇ ಇರುವಾಗ ಅದರ ವಿರುದ್ಧ ತೀರ್ಪು ಕೊಡುವುದು ಎಂದರೆ ಇದು. ಆಮೇಲೆ ನನ್ನ ಹೆಸರು ಕರೆದರು. ನಾನೂ ಎದ್ದು ಹೋಗಿ ಅದನ್ನೇ ಹೇಳಿದೆನಲ್ಲ.

ಊಟ ಮುಗಿದು ಜನ ಕರಗುತ್ತಿದ್ದಾಗ ಸರ್ ಮೈದಾನದ ಕಡೆಯ ಮೆಟ್ಟಿಲ ಮೇಲೆ ಒಬ್ಬರೇ ನಿಂತಿದ್ದರು. ಹಾರ ತೆಗೆದು ಕೈಯಲ್ಲಿ ಹಿಡಿದಿದ್ದರು, ಎಲ್ಲಿಡಬೇಕೆಂದು ತಿಳಿಯದವರ ಹಾಗೆ. ಹತ್ತಿರ ಹೋಗಿ ಕಾಲು ಮುಟ್ಟಿದೆ.

"ಛಲೋ ಮಾತಾಡಿದಿ, ವಕೀಲಬಾಯಿ," ಅಂದರು. "ಛಲೋ ಅದ."

ಹಿಂದಿನಿಂದ ಯಾರೋ ಅವರನ್ನು ಫೋಟೋಕ್ಕೆ ಕರೆಯುತ್ತಿದ್ದರು. ಅವರು ಅತ್ತ ತಿರುಗುವ ಮೊದಲು ಕೇಳಿಬಿಟ್ಟೆ:

"ಸರ, ಒಂದ್ ದಿನ ನಾ ಬೇಕಂತನs ಮೊಣಕೈ ತೆರದು ಬೀಸಿದ್ದೆ. ಕಟಗಿ ನಿಮ್ಮ ಕೈಯಾಗs ಇತ್ತು. ಖರೇ ಹೇಳ್ರಿ, ನೀವು ಅವತ್ತ ನನ್ನ ನೋಡಿದ್ರೋ, ಇಲ್ಲೋ?"